ವೈನೂ ವೈನಿಯೂ

ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿಗೊಬ್ಬ ಪ್ಲ್ಯಾನಣ್ಣ ಇರುತ್ತಾನೆ. ನಮ್ಮ ಸೆಕ್ಟರಿನವನ ಮನೆ ನಮ್ಮ ಮನೆಯ ಎದುರಿಗೇ ಇದೆ. ಅವನು ಪ್ರವಾಸಕ್ಕೆ ಹೊರಡುವುದನ್ನು ಎಲ್ಲರೂ ನೋಡಿದ್ದಾರೆ, ಹೋದದ್ದನ್ನು ನೋಡಿದವರು ಇನ್ನೂ ಸಿಕ್ಕಿಲ್ಲ.

ಈ ಗೀಳು ಎಲ್ಲಿಂದ ಅಂಟಿತು? ನನ್ನ ಅನುಮಾನವೆಲ್ಲ ಆಲಮಟ್ಟಿ ಅಣೆಕಟ್ಟಿನ ಮೇಲೆ. 519.6 ಮೀಟರಿಗೆ ನೀರು ನಿಂತರೆ ಯಾರ ಮನೆ ಹೋಗುತ್ತದೆ, 524ಕ್ಕೆ ಏರಿಸಿದರೆ ಯಾರ ಹೊಲ ಹೋಗುತ್ತದೆ ಎಂದು ನಕ್ಷೆ ಹಾಸಿಕೊಂಡು ಕೂತೇ ವಯಸ್ಸಾದ ಊರು ನಮ್ಮದು. ಹಳೆಯ ಊರಿನ ಓಣಿಗಳು ನೀರಿಗೆ ಹೋದವು. ನಕ್ಷೆ ಬಿಡಿಸುವ ಚಟ ಮಾತ್ರ ಪಾತ್ರೆ ಪಡಗದ ಜೊತೆ ಲಾರಿ ಹತ್ತಿ ನವನಗರಕ್ಕೆ ಬಂತು.

ಈ ಸಲ ಅಣ್ಣನ ಕೈಯಲ್ಲಿದ್ದ ಹಾಳೆಯ ತಲೆಬರಹ: 'ವೈನ್ ಮತ್ತು ಊಟದ ಗುಡ್ಡಗಾಡು ಪ್ರವಾಸ, ಎರಡು ಹಗಲು, ಒಂದು ರಾತ್ರಿ.' ಮೊಬೈಲಿನಲ್ಲಿ ಯಾರೋ ಇಟಲಿಯ ಗುಡ್ಡದ ಮೇಲೆ ಗ್ಲಾಸು ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದನ್ನು ನೋಡಿದ್ದನಂತೆ.

"ಇಟಲಿ ಯಾಕ ಬೇಕೋ ತಮ್ಮಾ? ನಮ್ಮಲ್ಲಿ ಗುಡ್ಡಕ್ಕೇನು ಬರಗಾಲ ಐತೇನು? ಬಾದಾಮಿ ಬಂಡಿಯಷ್ಟು ಕೆಂಪು ಅವರ ವೈನ್ ಸೈತ ಇರಂಗಿಲ್ಲ."

ಮನೆಯವರು ಏನಾದರೂ ಅಂದಾರು ಎಂದು 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಒಂದು ಪ್ರತಿಯನ್ನೂ ತೆಗೆಸಿಟ್ಟುಕೊಂಡಿದ್ದ. ರಾಜ್ಯದ ವೈನಿನ ಲೆಕ್ಕದಲ್ಲಿ ನಾವು ಕೃಷ್ಣಾ ಕಣಿವೆಯವರು. ಆದ್ದರಿಂದ ತಾನು ಒಂದು ಗುಟುಕು ಕುಡಿದರೆ ಅದು ಕುಡಿತ ಅಲ್ಲ, ಪ್ರಾದೇಶಿಕ ಅಭಿವೃದ್ಧಿ ಎಂಬುದು ಅವನ ವಾದ. ಒಂದೇ ತೊಡಕು. ನಮ್ಮ ಕಡೆಯ ದ್ರಾಕ್ಷಿಗೆ ವೈನ್ ಆಗುವಷ್ಟು ಪುರಸೊತ್ತಿಲ್ಲ. ಬಳ್ಳಿಯಿಂದ ಇಳಿದದ್ದೇ ಬಹುಪಾಲು ಶೆಡ್ಡಿನ ಜಾಳಿಗೆಯ ಮೇಲೆ ಮಲಗಿ ಮಣೂಕ ಆಗಿಬಿಡುತ್ತದೆ.

ಹಾಳೆಯಲ್ಲಿ ಐದು ಕಾಲಂ: ಸ್ಥಳ, ವೇಳೆ, ತಿನಿಸು, ವೈನ್, ಷರಾ. ಮೊದಲ ಸಾಲು ಬನಶಂಕರಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಕಟಕ್ ರೊಟ್ಟಿ, ಎಣ್ಣಿಗಾಯಿ, ಕಾಳುಪಲ್ಯ, ಕೆಂಪು ಖಾರ, ಗಟ್ಟಿ ಮೊಸರು. ಇದಕ್ಕೆ ಕೆಂಪು ವೈನ್ ಹೊಂದುತ್ತದೋ ಬಿಳಿಯದೋ ಎಂಬ ಚರ್ಚೆ ನಮ್ಮ ಕಟ್ಟೆಯ ಮೇಲೆ ಮೂರು ಸಂಜೆ ನಡೆಯಿತು. ಆ ಖಾರದ ಎದುರು ಯಾವ ಬಣ್ಣದ ವೈನೂ ಬಾಯಿ ಬಿಡಲಾರದು ಎಂದು ನಾನು ಹೇಳಿದೆ. ಅಣ್ಣ ಅದನ್ನು ಷರಾ ಕಾಲಮ್ಮಿನಲ್ಲಿ ಬರೆದುಕೊಂಡ. ಬರೆದುಕೊಂಡದ್ದನ್ನು ಅವನು ಎಂದೂ ಓದುವುದಿಲ್ಲ.

ಎರಡನೆಯ ಸಾಲು ಬಾದಾಮಿಯ ಗುಹೆಗಳು. '9.10ರಿಂದ 9.20: ಮಂಗಗಳು' ಎಂದು ಬೇರೆಯಾಗಿಯೇ ನಮೂದಿಸಿದ್ದ. ಮಂಗಳೇಶ 578ರಲ್ಲಿ ಮಾಡಿಸಿದ ಮೂರನೆಯ ಗುಹೆಗೆ ಮಾತ್ರ ಮುಕ್ಕಾಲು ತಾಸು. ಭಕ್ತಿ ಇಷ್ಟೊಂದು ಯಾವಾಗ ಬಂತು ಎಂದು ಕೇಳಿದೆ. "ಕಂಬದ ಮ್ಯಾಲಿನ ಜೋಡಿಗಳ ಕಣ್ಣು ನೋಡೀಯೇನು? ನೀರು ಕುಡದವರ ಕಣ್ಣಲ್ಲ ಅವು!" ಎಂದ.

ಪಟ್ಟದಕಲ್ಲಿಗೆ 22 ಕಿಲೋಮೀಟರ್, ಐಹೊಳೆಯಲ್ಲಿ ಬರೀ ಚಹಾ. ಅಲ್ಲಿ ಮೇಗುತಿ ಗುಡ್ಡ ಹತ್ತಬೇಕು, ಕಾಲು ನೆಟ್ಟಗಿರಬೇಕು. ಅಮೀನಗಡದಲ್ಲಿ ಕರದಂಟು. ಬೆಲ್ಲ, ತುಪ್ಪದಲ್ಲಿ ಕರಿದ ಅಂಟು, ಗೋಡಂಬಿ, ಉತ್ತತ್ತಿ ಇಷ್ಟೂ ಸೇರಿದ್ದರ ಜೊತೆ ಸಿಹಿ ವೈನೋ ಒಗರು ವೈನೋ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹುನಗುಂದದ ಸಾಲಿಗೆ ಬಂದಾಗ ಪೆನ್ನು ನಿಂತೇಹೋಯಿತು. ಕೂಡಲಸಂಗಮ ಅದೇ ತಾಲೂಕಿನದು. ಸಂಗಮನಾಥನ ದರ್ಶನ ಬಿಟ್ಟರೆ ಮನೆಯಲ್ಲಿ ಉಳಿಗಾಲವಿಲ್ಲ, ಡಿಕ್ಕಿಯಲ್ಲಿ ಬಾಟಲಿ ಇಟ್ಟುಕೊಂಡು ಹೋದರೆ ಮನಸ್ಸಿಗೆ ಸಮಾಧಾನವಿಲ್ಲ. ಬಾಟಲಿಯನ್ನು ಹುನಗುಂದದಲ್ಲಿ ಪರಿಚಯದವರ ಅಂಗಡಿಯಲ್ಲಿಟ್ಟು, ದರ್ಶನ ಮುಗಿಸಿ, ಮರಳಿ ಬಂದು ತೆಗೆದುಕೊಳ್ಳುವುದು ಎಂದಾಯಿತು. ಹೀಗೆ ಮೂವತ್ತು ನಿಮಿಷ ಜಾಸ್ತಿ ಬಿದ್ದು, ಮೊದಲಿನಿಂದ ಹಾಳೆಯನ್ನು ಹೊಸದಾಗಿ ಬರೆಯಬೇಕಾಯಿತು.

ಇಲ್ಲಿ ವೈನಿಯವರ ಪ್ರವೇಶ. ಅಣ್ಣನ ಹೆಂಡತಿಯನ್ನು ನಾವು ಕರೆಯುವುದೇ ಹಾಗೆ. ವೈನ್ ಎಂಬ ಪದಕ್ಕೊಂದು ಗುಡಿಸು ಕೊಟ್ಟರೆ ವೈನಿ. ಅಣ್ಣನ ಸಂಸಾರವೆಲ್ಲ ಆ ಗುಡಿಸಿನ ಕೆಳಗೇ ನಡೆದಿದೆ.

"ಏನ್ರಿ, ಇಷ್ಟೆಲ್ಲಾ ಊರು ಬರದೀರಿ, ಇಳಕಲ್ಲಿನ ಮುಂದ ಸೀರಿ ಅಂತ ಬರದೇ ಇಲ್ಲಲ್ಲ?"

ಅಣ್ಣನ ಪ್ರಕಾರ ಇಳಕಲ್ ಎಂದರೆ ದಾಟಿ ಹೋಗುವ ಊರು. ಅದನ್ನು ದಾಟಿದರೆ ಕೊಪ್ಪಳ ಜಿಲ್ಲೆ, ಆ ಕಡೆಗೆ ಹಂಪಿ ಗುಡ್ಡಗಳ ವೈನ್ ತೋಟ. ವೈನಿಯವರ ಪ್ರಕಾರ ರಸ್ತೆ ಇಳಕಲ್ಲಿಗೆ ಮುಗಿಯುತ್ತದೆ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಎಳೆಗೆ ಸೆರಗಿನ ರೇಶ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ವೈನಿಯವರೂ ಹಾಗೇ ಮಾಡಿದರು: ಅಣ್ಣನ ಪ್ಲ್ಯಾನಿನ ಮೈಗೆ ತಮ್ಮ ಟೋಪು ತೆನಿ ಸೆರಗನ್ನು ಕೊಂಡಿ ಹಾಕಿ ಬಿಗಿದರು. ನೋಡುನೋಡುತ್ತ ಸೆರಗೇ ದೊಡ್ಡದಾಯಿತು. ಹತ್ತು ನಿಮಿಷ ಎಂದಿದ್ದ ಇಳಕಲ್ ನಾಲ್ಕು ತಾಸಾಯಿತು, ಹಂಪಿ ಗುಡ್ಡ ಹಾಳೆಯಿಂದ ಆಚೆ ಬಿತ್ತು. ಅಣ್ಣ ಮತ್ತೆ ಹೊಸ ಹಾಳೆ ತೆಗೆದ.

ಏಳನೆಯ ಹಾಳೆ ನಡೆದಿರುವಾಗ ಒಂದು ಗುರುವಾರ ಮುಂಜಾನೆ ವೈನಿ ಮತ್ತು ಓಣಿಯ ಇನ್ನೂ ನಾಲ್ಕು ಜನ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದರು. 2023ರಿಂದ ಅವರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹಾಳೆ, ಕಾಲಂ, ಷರಾ ಯಾವುದೂ ಬೇಕಿಲ್ಲ. ಬನಶಂಕರಿಯಲ್ಲಿ ಉಂಡರು. ಸಿಕ್ಕ ಬಸ್ಸು ಹತ್ತುತ್ತ ಅಮೀನಗಡ, ಇಳಕಲ್ ಮುಗಿಸಿ, ಅಲ್ಲೇ ಒಬ್ಬರ ತವರಿನಲ್ಲಿ ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ಮನೆಗೆ ಬಂದರು. ಎರಡು ಹಗಲು, ಒಂದು ರಾತ್ರಿ. ಮೂರು ಸೀರೆ.

ಸಂಜೆ ನಾನು ಹೋದಾಗ ಅಣ್ಣನ ಮುಂದೆ ಬನಶಂಕರಿಯ ರೊಟ್ಟಿ, ಕೆಂಪು ಖಾರ, ಅಮೀನಗಡದ ಕರದಂಟು ಎಲ್ಲ ಇದ್ದವು. ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಅದೇ ಕಣ್ಣಿನಿಂದ ಹಾಳೆಯ ನಾಲ್ಕನೆಯ ಕಾಲಂ ನೋಡಿ, ಪೆನ್ನು ತೆಗೆದು, ನನ್ನ ಕಡೆ ತಿರುಗಿದ.

"ತಮ್ಮಾ, ಈಗ ಖರೇ ಹೇಳು, ಇದಕ್ಕ ಕೆಂಪು ಹೊಂದತೈತೋ, ಬಿಳಿ ಹೊಂದತೈತೋ?"

"ಬಿಳೀದ," ಎಂದು ಒಳಗಿನಿಂದ ಬಂದ ವೈನಿ ಮಜ್ಜಿಗೆಯ ತಂಬಿಗೆಯನ್ನು ಅವನ ಮುಂದಿಟ್ಟರು.