ಬೇಕರಿ ಪುಟ ಮೀಮಾಂಸೆ

ಲಕ್ಷಣ: ಗಿರಾಕಿ ಬಾರದ ಹೊತ್ತಿನಲ್ಲಿ ಮಾಲೀಕನು ಗಲ್ಲಾದ ಹಿಂದೆ ಕುಳಿತು ಯಾವುದನ್ನು ದಿಟ್ಟಿಸುತ್ತಾನೋ ಅದೇ ‘ಪುಟ’. ಫೇಸ್‌ಬುಕ್‌ನಲ್ಲಿ ವ್ಯಾಪಾರಿಗಳಿಗೆ ಇದು ಲಭಿಸಿದ್ದು 2007ರಲ್ಲಿ. ಆ ಆದಿಯುಗದಲ್ಲಿ ಪುಟ ಮೆಚ್ಚಿದವರು ‘ಫ್ಯಾನ್’ ಆಗಬೇಕಿತ್ತು. ಖಾರಾ ಬನ್ನಿಗೂ ಅಭಿಮಾನಿ ಸಂಘವೇ ಎಂದು ಸಂಕೋಚವಾಯಿತೋ ಏನೋ, 2010ರಲ್ಲಿ ಬರೀ ‘ಲೈಕ್’ ಸಾಕೆಂದರು.

ಲೈಕಿನ ಭೇದಗಳಲ್ಲಿ ಮೊದಲನೆಯದು ಬಂಧುಲೈಕು. ಮಾಲೀಕನ ಭಾವಮೈದುನ ಶಿವಮೊಗ್ಗದಿಂದ ಒತ್ತುವ ಇದು, ಚಿತ್ರದಲ್ಲಿರುವುದು ಹನಿ ಕೇಕೋ ಹೆಂಚೋ ಎಂದು ನೋಡುವುದಿಲ್ಲ. ಎರಡನೆಯದು ಋಣಲೈಕು, ಎದುರಿನ ಮೊಬೈಲ್ ಅಂಗಡಿಯವನದು, ಮುಯ್ಯಿಯಂತೆ ತೀರಿಸಬೇಕಾದದ್ದು. ಮೂರನೆಯದಾದ ಕ್ರೀತಲೈಕಿಗೆ ತರ್ಕ ಬೇಕು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಮೀಮಾಂಸಕರು ಇದನ್ನು ಅರ್ಥಾಪತ್ತಿ ಎನ್ನುತ್ತಾರೆ. ಹಾಗೆಯೇ, ಹತ್ತು ಸಾವಿರ ಫಾಲೋವರ್ಸ್ ಇರುವ ಬೇಕರಿಯಲ್ಲಿ ಹಗಲೆಲ್ಲ ನೊಣ ಮಾತ್ರ ಇದ್ದರೆ, ಫಾಲೋವರ್ಸ್ ರಾತ್ರಿ ದುಡ್ಡು ಕೊಟ್ಟು ತಂದವರು. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ನಕಲಿ ಖಾತೆಗಳನ್ನು ಗುಡಿಸಿದಾಗ ಅದರ ಸ್ವಂತ ಖಾತೆಯೇ ಕೋಟಿಗೂ ಹೆಚ್ಚು ಅನುಯಾಯಿಗಳನ್ನು ಕಳೆದುಕೊಂಡಿತು. ಪೂಜಾರಿಯ ಮನೆಯಲ್ಲೇ ಸೂತಕವಾದ ಮೇಲೆ ಭಕ್ತರ ಮಾತೇನು!

‘ಇಷ್ಟವಾದರೆ ಲೈಕ್ ಒತ್ತಿ, ಐದು ಜನರನ್ನು ಟ್ಯಾಗ್ ಮಾಡಿ’ ಎಂಬ ಭಿಕ್ಷಾಮಾರ್ಗವೂ ಇತ್ತು. ಅಂಥದ್ದನ್ನು ಕೆಳಗೆ ತಳ್ಳುತ್ತೇವೆಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲಿ ಸಾರಿತು. ಮರುತಿಂಗಳೇ, ನೆಂಟರು ಗೆಳೆಯರು ಮುಂದೆ, ಅಂಗಡಿಗಳು ಹಿಂದೆ ಎಂದಿತು. ಆಮೇಲೆ ಶುಭಾಶಯಮಾರ್ಗ ಬೆಳೆಯಿತು: ಯುಗಾದಿಯ ಪೋಸ್ಟರಿನ ಮೂಲೆಯಲ್ಲಿ ಬೇವುಬೆಲ್ಲ, ನಡುವೆ ಕೈಮುಗಿದ ಮಾಲೀಕ.

ಇನ್ನು ಶಾಸ್ತ್ರದ ಗಹನಭಾಗ. ಕೇಕಿನ ಚಿತ್ರದ ಕೆಳಗೆ ‘ಸೂಪರ್ ಅಣ್ಣಾ’ ಎಂಬ ಸ್ತೋತ್ರಗಳ ಮಧ್ಯೆ ಒಂದೇ ಒಂದು ಗದ್ಯವಾಕ್ಯ: ‘ಎಗ್‌ಲೆಸ್ ಒಂದು ಕೆಜಿ ರೇಟ್ ಎಷ್ಟು?’ ಕೇಳಿದಾಕೆಯ ಮಗನ ಹುಟ್ಟುಹಬ್ಬ ನಾಳೆ. ಉತ್ತರ: ‘ಇನ್‌ಬಾಕ್ಸ್ ನೋಡಿ ಮೇಡಂ’. ಅಂಗಡಿಯಲ್ಲಿ ಗಾಜಿಗೆ ಚೀಟಿ ಅಂಟಿಸಿ ಊರಿಗೆಲ್ಲ ತೋರಿಸುವ ಬೆಲೆ, ಪುಟಕ್ಕೆ ಬಂದೊಡನೆ ಕಿವಿಯಲ್ಲಿ ಉಸುರುವ ಮಂತ್ರವಾಗುವುದೇಕೆ? ಪಕ್ಕದ ಬೇಕರಿಯವನಿಗೆ ತಿಳಿಯಬಾರದೆಂದು ಪೂರ್ವಪಕ್ಷ. ಅವನು ಮೊನ್ನೆಯೇ ಬನ್ ಕೊಳ್ಳುವ ನೆಪದಲ್ಲಿ ಬಂದು ಎಲ್ಲ ಓದಿಕೊಂಡು ಹೋಗಿರುವುದರಿಂದ ಅದು ನಿಲ್ಲದು. ಇನ್‌ಬಾಕ್ಸಿಗೆ ಕರೆದರೆ ರೀಚ್ ಏರುತ್ತದೆಂಬುದು ಪುಟ ನೋಡಿಕೊಳ್ಳುವ ಹುಡುಗನ ಪಕ್ಷ. ರೀಚ್ ಏರಿತೋ ಇಲ್ಲವೋ, ಆಕೆ ಕೇಕನ್ನು ಪಕ್ಕದ ಬೇಕರಿಯಲ್ಲಿ ತೆಗೆದುಕೊಂಡಳು. ಹೊಗಳುವವನಿಗೆ ಹತ್ತು ಹೃದಯದ ಚಿಹ್ನೆ, ಕೇಳುವವನಿಗೆ ಇನ್‌ಬಾಕ್ಸು: ಇದು ಯಾವ ನ್ಯಾಯವೆಂದು ಗೌತಮನ ನ್ಯಾಯದರ್ಶನದಲ್ಲೂ ಸಿಗಲಾರದು.

ಉದಾಹರಣೆ: ಒಂದು ಶನಿವಾರ ಮಾಲೀಕನಿಲ್ಲದಾಗ ಓವನ್ ಹತ್ತಿರದ ಕೆಲಸದವನು ಕೈ ನಡುಗಿದ ಫೋಟೋ ಹಾಕಿದ: ‘ದಿಲ್‌ಪಸಂದ್ 5 ಗಂಟೆಗೆ ಬಿಸಿಬಿಸಿ ಬರ್ತದೆ, ಪೀಸ್ 30 ರೂಪಾಯಿ’. ‘ನಾಳೆ ಇರತ್ತಾ?’ ಎಂದವರಿಗೆ ‘ನಾಳೆ ರಜಾ, ಇವತ್ತೇ ಬನ್ನಿ ಸಾರ್’ ಎಂದ. ಆರು ಗಂಟೆಗೆ ಟ್ರೇ ಖಾಲಿ. ರಾತ್ರಿ ಮಾಲೀಕ ಬಂದು, ಗಲ್ಲಾ ಎಣಿಸಿ ಮುಗಿಸಿ, ಪುಟ ತೆರೆದು ‘ಒಂಬತ್ತೇ ಲೈಕಾ?’ ಎಂದು ಗದರಿ, ಅದನ್ನು ಅಳಿಸಿ, ಗುಲಾಬಿ ಹೂವಿನ ‘ಶುಭರಾತ್ರಿ’ ಹಾಕಿಸಿದ. ಬೆಳಗಾಗುವುದರೊಳಗೆ ಇನ್ನೂರು.