ಏಳರಾಗ ನಮ್ಮಾಂವ ಯಾಂವ?

ಬೆಳಗಾವಿ ಕ್ಯಾಂಪಿನ ಚಹಾದಂಗಡಿಯಲ್ಲಿ ಮೊನ್ನೆ ಭಾರೀ ಗಂಭೀರ ಪ್ರಶ್ನೆಯೊಂದು ಎದ್ದಿತು. ನಿವೃತ್ತ ಗುಮಾಸ್ತರೊಬ್ಬರು ಅಮಿತಾಭ್ ಬಚ್ಚನ್ನರ ಮೊದಲ ಸಿನಿಮಾ ‘ಸಾತ್ ಹಿಂದುಸ್ತಾನಿ’ಯನ್ನು ಮೊಬೈಲಿನಲ್ಲಿ ನೋಡಿ ಮುಗಿಸಿದ್ದರು. ಬಸಿಯಲ್ಲಿ ಉಳಿದ ಚಹಾ ಸುರ್ರೆಂದು ಹೀರಿ, “ಗೋವಾ ಬಿಡಿಸಾಕ ಏಳು ಮಂದಿ ಹೊಂಟಾರ. ಅದರಾಗ ನಮ್ಮಾಂವ ಒಬ್ಬನೂ ಇಲ್ಲಲ್ಲರೀ!” ಎಂದರು.

ಖರೇ ಮಾತು. ಖ್ವಾಜಾ ಅಹ್ಮದ್ ಅಬ್ಬಾಸ್ 1969ರಲ್ಲಿ ಮಾಡಿದ ಈ ಚಿತ್ರ ಪೋರ್ಚುಗೀಸರ ಕೋಟೆಗಳ ಮೇಲೆ ತ್ರಿವರ್ಣ ಏರಿಸಲು ನುಸುಳುವ ಹುಡುಗರ ಕತೆ. ಬಿಹಾರಿ ಇದ್ದಾನೆ, ಪಂಜಾಬಿ ಇದ್ದಾನೆ, ಬಂಗಾಳಿ, ತಮಿಳ, ಮರಾಠಿಗ ಎಲ್ಲರೂ ಇದ್ದಾರೆ. ಗೋವಾದ ಮಾರಿಯಾ ಇದ್ದಾಳೆ. ಗೋವಾದ ಬೇಲಿಗೇ ಬೆನ್ನು ಹಚ್ಚಿ ಕೂತ ಕನ್ನಡದವನಿಗೆ ಮಾತ್ರ ಚೀಟಿ ಸಿಕ್ಕಿಲ್ಲ. ಆಮೇಲೆ ಈ ಚಿತ್ರಕ್ಕೆ ಬಂದದ್ದು ಯಾವ ಪ್ರಶಸ್ತಿ ಅಂತೀರಿ? ರಾಷ್ಟ್ರೀಯ ಭಾವೈಕ್ಯದ್ದು!

ಹೋಗದವರೇನೂ ಅಲ್ಲ ನಾವು. ನರಗುಂದದ ಜಗನ್ನಾಥರಾವ್ ಜೋಶಿ 1955ರಲ್ಲಿ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗಡಿ ದಾಟಿ ಅಲ್ಲಿಯ ಜೈಲು ಸೇರಿದರು. ವಾಮನ ಸರ್ದೇಸಾಯಿ, ಲಿಬಿಯಾ ಲೋಬೊ ಎಂಬ ಇಬ್ಬರು ನಮ್ಮ ಕ್ಯಾಸಲ್‌ರಾಕಿನ ಕಾಡಿನಲ್ಲಿ ಅಡಗಿ ಗುಪ್ತ ರೇಡಿಯೊ ನಡೆಸಿ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಾಜಾರನ ನಿದ್ದೆ ಕೆಡಿಸಿದರು. 1961ರ ಡಿಸೆಂಬರಿನಲ್ಲಿ ಗೋವಾ ಬಿಡಿಸಲು ಭಾರತೀಯ ಸೇನೆಯ ಜನರಲ್ ಕ್ಯಾಂಡೆತ್ ದಂಡು ಕೂಡಿಸಿದ್ದೂ ಇದೇ ಬೆಳಗಾವಿಯಲ್ಲಿ. ಪೋರ್ಚುಗೀಸರ 451 ವರ್ಷದ ಆಳ್ವಿಕೆ ಹೆಚ್ಚುಕಡಿಮೆ 36 ಗಂಟೆಯಲ್ಲಿ ಮುಗಿಯಿತು. ಪಕ್ಕದ ಮನೆಯವರ ಅಂಗಳದಲ್ಲೇ ಹಂದರ ಹಾಕಿ, ಅವರನ್ನು ಬಿಟ್ಟು ಊರೆಲ್ಲ ಕರೆದ ಮದುವೆ ಈ ಸಿನಿಮಾ.

ಗುಮಾಸ್ತರಿಗೆ ಸಿಟ್ಟು ಬಂದದ್ದು ಸಹಜ. ನನಗೋ ಇದರಲ್ಲಿ ಅಬ್ಬಾಸ್ ಸಾಹೇಬರ ಜಾಣತನವೇ ಕಂಡಿತು.

ಬೆಳಗಾವಿ ಹುಡುಗನೊಬ್ಬನನ್ನು ಸೇರಿಸಿಕೊಂಡಿದ್ದರೆ ಅವನಿಗೆ ಹೆಸರೇನು ಇಡುತ್ತಿದ್ದರು? ಪಾಟೀಲ? ಯಾವ ಪಾಟೀಲ, ಮರಾಠಿಯವರಾ ನಮ್ಮವರಾ? ದೇಸಾಯಿ, ಕುಲಕರ್ಣಿ ಎಂದರೂ ಅದೇ ಹಣೆಬರಹ. ಗಡಿ ತಕರಾರಿಗೆ ನೇಮಿಸಿದ್ದ ಮಹಾಜನ ಆಯೋಗ ಬೆಳಗಾವಿ ಮೈಸೂರು ರಾಜ್ಯಕ್ಕೇ ಇರಲಿ ಎಂದು ವರದಿ ಕೊಟ್ಟು ಆಗಿನ್ನೂ ಎರಡು ವರ್ಷ. ಮಹಾರಾಷ್ಟ್ರ ಅದನ್ನು ಒಪ್ಪಿರಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಇಂಥದರಲ್ಲಿ ನಮ್ಮ ಪಾಟೀಲ ಕೋಟೆ ಹತ್ತುವಾಗ ಪೋರ್ಚುಗೀಸ್ ಪೊಲೀಸ ಹಿಡಿದು “ಯಾರು ನೀನು?” ಎಂದು ಕೇಳಿದ್ದರೆ, “ಸಾಹೇಬರ, ವಿಷಯ ತಕರಾರಿನಾಗ ಐತ್ರಿ” ಎನ್ನಬೇಕಿತ್ತು. 2004ರ ನಂತರವಾದರೆ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯನ್ನಾದರೂ ತೋರಿಸಬಹುದಿತ್ತು.

ಅಬ್ಬಾಸರ ಇನ್ನೊಂದು ಹುಡುಗಾಟ ನೋಡಿ. ಬಂಗಾಳದ ಉತ್ಪಲ್ ದತ್ತರನ್ನು ಪಂಜಾಬಿ ಮಾಡಿದರು, ಕೇರಳದ ಮಧು ಅವರನ್ನು ಬಂಗಾಳಿ ಮಾಡಿದರು. ಯಾರೂ ಚಕಾರ ಎತ್ತಲಿಲ್ಲ. ಅದೇ ಪ್ರಯೋಗ ಇಲ್ಲಿ ಮಾಡಿ, ಖಾನಾಪುರದ ಮರಾಠಿ ಹುಡುಗನಿಗೆ ಕನ್ನಡಿಗನ ಪಾತ್ರ, ಬೈಲಹೊಂಗಲದವನಿಗೆ ಮರಾಠಿಗನ ಪಾತ್ರ ಕೊಟ್ಟಿದ್ದರೆ? ಚಿತ್ರತಂಡದ ವಾಹನಕ್ಕೆ ಎರಡೂ ಕಡೆಯವರಿಂದ ಮಸಿ, ಮೂರು ದಿನ ಬಸ್ ಬಂದ್, ಅಧಿವೇಶನದಲ್ಲಿ ನಿಲುವಳಿ ಸೂಚನೆ. ಗೋವಾ ಅಲ್ಲಿತನಕ ಸಾಲಾಜಾರನ ಕೈಯಲ್ಲೇ ಇರುತ್ತಿತ್ತು.

ಇಷ್ಟು ವಿವರಿಸಿದರೂ ಗುಮಾಸ್ತರಿಗೆ ಸಮಾಧಾನವಿಲ್ಲ. ನಿರ್ದೇಶಕರು ತೀರಿಹೋಗಿ ದಶಕಗಳಾದವು ಎಂದೆ. “ಆದ್ರೂ ಒಂದು ನಿಷೇಧ ಠರಾವು ಮಾಡಬೇಕ್ರೀ” ಎಂದರು. ಅಷ್ಟರಲ್ಲಿ ಅವರ ಫೋನು ಹೊಡಕೊಂಡಿತು. “ಹಾಂ, ಬೋಲಾ” ಎಂದು ಶುರುಮಾಡಿದವರು ಬೀಗರ ಜೊತೆ ಹತ್ತು ನಿಮಿಷ ಸೊಗಸಾದ ಮರಾಠಿಯಲ್ಲಿ ಲಗ್ನದ ಮಾತಾಡಿದರು. ನಡುವೆ ಫೋನಿಗೆ ಕೈ ಅಡ್ಡ ಇಟ್ಟು, ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಬಾಯಿಯನ್ನು ಕೊಂಕಣಿಯಲ್ಲಿ ಕರೆದು ಬಂಗಡೆಯ ರೇಟು ಕೇಳಿದರು. ಅಂಗಡಿಯ ಹುಡುಗನಿಗೆ ಉರ್ದುವಿನಲ್ಲಿ ಇನ್ನೊಂದು ಕಟ್ ಚಹಾ ಹೇಳಿದರು.

ಫೋನು ಕಿಸೆಗೆ ಹಾಕಿ ನನ್ನ ಕಡೆ ತಿರುಗಿದರು.

“ಹೂಂ, ಏನ್ ಹೇಳಾಕತ್ತಿದ್ದೆ? ನಮ್ಮಾಂವ ಒಬ್ಬನೂ ಇಲ್ರೀ ಅದರಾಗ!”