ಅಡ್ಮಿನ್ ಶ್ರೀಕೃಷ್ಣನ ಕುರುಕ್ಷೇತ್ರ

ನಮ್ಮೂರಿನ ಶ್ರೀಕೃಷ್ಣ ಮೊನ್ನೆ ಐದು ಜನರನ್ನು ವಾಟ್ಸಾಪ್ ಗ್ರೂಪಿನಿಂದ ಕಿತ್ತುಹಾಕಿದ.

ಕುರುಕ್ಷೇತ್ರ ನಾಟಕದ ಸಂಧಾನದ ಸೀನಿನಲ್ಲಿ ಇದೇ ಮನುಷ್ಯ ಪಾಂಡವರ ಪರವಾಗಿ ಐದು ಹಳ್ಳಿ ಕೇಳುತ್ತಾನೆ. ಕಂದ ಎತ್ತಿದನೆಂದರೆ ಮುಂದೆ ಕೂತ ಮುದುಕರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ವನ್ಸ್‌ಮೋರ್ ಬೀಳುತ್ತದೆ. ಬಣ್ಣ ತೊಳೆದು ಫೋನ್ ಹಿಡಿದ ಮೇಲೆ ಸಂಧಾನವೂ ಇಲ್ಲ, ಹಳ್ಳಿಯೂ ಇಲ್ಲ. ಕಾರಣ ಕೇಳಿದಿರಾ? ಮೂರನೇ ಪದ್ಯದಲ್ಲಿ ಶ್ರುತಿ ತಪ್ಪಿತು ಎಂದು ಒಬ್ಬ ಬರೆದ. ನಾಲ್ವರು ಹೌದು ಹೌದು ಎಂದರು.

ಶ್ರುತಿ ತಪ್ಪಿದ್ದು ನಿಜ. ಅದೇ ಅಪರಾಧ.

ಇದು ಗುಬ್ಬಿ ತಾಲ್ಲೂಕಿನ ಕಡಬ. ದಕ್ಷಿಣ ಕನ್ನಡದ ಕಡಬ ಅಲ್ಲ. ನಮ್ಮದು ಶಿಂಷೆಯ ನೀರು ಹಿಡಿದ ದೊಡ್ಡ ಕೆರೆಯ ಕಡಬ. ಇಲ್ಲಿ ನಾಟಕದ ಹುಚ್ಚು ಹೊಸದಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲೇ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಅದೇ ಸಂಘದ ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅವು ಬಂದವು, ಕೆಲಸ ಮುಗಿಸಿದವು, ಹೋದವು. ಯಾವ ಆನೆಯೂ ಮಾರನೆಯ ದಿನ ಏಳು ನಿಮಿಷದ ವಾಯ್ಸ್ ಮೆಸೇಜ್ ಹಾಕಲಿಲ್ಲ.

ನಮ್ಮ ಕಡೆಯ ಪದ್ಧತಿ ಗೊತ್ತಲ್ಲ. ಇಲ್ಲಿ ಪಾತ್ರ ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಸೀನರಿಯವರಿಗೆ, ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಹೊರಗಿನಿಂದ ಕರೆಸುವ ಕಲಾವಿದೆಯರಿಗೆ ಎಲ್ಲಾ ಅದರಲ್ಲೇ ಆಗಬೇಕು. ನಮ್ಮ ತಂಡದಲ್ಲಿ ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು ರೇಟು. ಕೊಬ್ಬರಿ ಮಂಡಿಗೆ ಮೂಟೆ ಹೋಗದೆ ದುರ್ಯೋಧನ ಆಗಲು ಬರುವುದಿಲ್ಲ. ಆಮೇಲೆ ಕೃಷ್ಣ, ಭೀಮ. ವಿದುರ ಅತಿ ಸೋವಿ. ಬುದ್ಧಿ ಹೇಳುವವನಿಗೆ ಯಾವ ಕಾಲದಲ್ಲಿ ಬೆಲೆ ಇತ್ತು?

ನಾನು ವಿದುರ.

ಯುಗಾದಿಗೆ ಅಣ್ಣನ ಮಗ ಬೆಂಗಳೂರಿನಿಂದ ಬಂದ. ಜೇಬಿನಿಂದ 20 ಮುಖದ ದಾಳ ತೆಗೆದ. ಶನಿವಾರ ರಾತ್ರಿ ಐದಾರು ಜನ ಮೇಜಿನ ಸುತ್ತ ಕೂರುತ್ತಾರಂತೆ. ಒಬ್ಬ ಬಿಲ್ಲುಗಾರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಒಬ್ಬ ಮಾತ್ರ ಪಾತ್ರ ಹಾಕದೆ ಕಥೆ ನಡೆಸುತ್ತಾನೆ. ಕತ್ತಿಯ ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ.

"ಹಂಗಾದ್ರೆ ನಿಮ್ಮಲ್ಲಿ ಶಕುನಿಯೇ ಹಾರ್ಮೋನಿಯಂ ಮೇಷ್ಟ್ರು ಅನ್ನು" ಎಂದೆ.

"ಹೆಚ್ಚು ಕಮ್ಮಿ ಹಂಗೇ ಚಿಕ್ಕಪ್ಪ."

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದಲ್ಲಿ ಹೊರತಂದದ್ದು. 1980ರ ದಶಕದಲ್ಲಿ ಅಲ್ಲಿನ ಧರ್ಮಭೀರುಗಳು ಇದು ಸೈತಾನನ ಪೂಜೆ ಎಂದು ಬೊಬ್ಬೆ ಹೊಡೆದರಂತೆ. ಹುಡುಗರು ಅಡುಗೆಮನೆಯ ಮೇಜಿನ ಮೇಲೆ ಇಲ್ಲದ ರಾಕ್ಷಸನನ್ನು ಕೊಂದರೆ ಸಮಾಜ ಹಾಳು. ದೊಡ್ಡವರು ಇರುವ ಮನುಷ್ಯನನ್ನು ಬೀದಿಗೆಳೆದರೆ ಅದು ಧರ್ಮರಕ್ಷಣೆ. ಈ ಲೆಕ್ಕ ಅಲ್ಲೂ ಒಂದೇ, ಇಲ್ಲೂ ಒಂದೇ.

ಆಟಗಾರರೂ ಸಾಚಾಗಳಲ್ಲ. ಆಟದ ನಾಲ್ಕನೇ ಆವೃತ್ತಿ 2008ರಲ್ಲಿ ಬಂತು, ಐದನೆಯದು 2014ರಲ್ಲಿ. ಯಾವುದು ಅಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಡಿದಾಡಿದ್ದಾರೆ. ಮುಖ ನೋಡದವರ ಮನೆಯ ಹೆಂಗಸರನ್ನು ಎಳೆದು ತಂದಿದ್ದಾರೆ. ಇಲ್ಲದ ಡ್ರ್ಯಾಗನ್ನಿಗೆ ಎಷ್ಟು ಬಲ ಇರಬೇಕು ಎಂಬ ವಿಷಯಕ್ಕೆ.

"ಮೇಜಿನ ಮುಂದೆ ಕೂತಾಗ ಜಗಳ ಆಗಲ್ವೇನೋ?"

"ಆಗುತ್ತೆ ಚಿಕ್ಕಪ್ಪ. ಬಿರಿಯಾನಿ ಬಂದ ತಕ್ಷಣ ನಿಲ್ಲುತ್ತೆ."

ನಮ್ಮ ಗ್ರೂಪಿಗೆ ಬಿರಿಯಾನಿ ಬರುವುದಿಲ್ಲ.

ಮಹಾಭಾರತದ ಯುದ್ಧ 18 ದಿನಕ್ಕೆ ಮುಗಿಯಿತು. ನಮ್ಮ ಗ್ರೂಪಿನದು ಎಂಟನೇ ತಿಂಗಳಿಗೆ ಬಿದ್ದಿದೆ. ಮೊನ್ನೆ ಶ್ರುತಿಯಿಂದ ಶುರುವಾದದ್ದು ರಾತ್ರಿ ಒಂಬತ್ತಕ್ಕೆ ಜಾತಿಗೆ ಬಂತು. ಹತ್ತಕ್ಕೆ ಪಕ್ಷಕ್ಕೆ. ಹನ್ನೊಂದಕ್ಕೆ 20 ವರ್ಷದ ಹಿಂದೆ ತೋಟದ ಬೇಲಿ ಒತ್ತಿದ ವಿಷಯಕ್ಕೆ. ಪದ್ಯ ಯಾವುದಿತ್ತೆಂದು ಈಗ ಯಾರಿಗೂ ನೆನಪಿಲ್ಲ.

ಭೀಷ್ಮನ ಪಾತ್ರದವನು "ಇನ್ನು ಈ ಗ್ರೂಪಿನ ಮುಖ ನೋಡೋದಿಲ್ಲ" ಎಂದು ಪ್ರತಿಜ್ಞೆ ಮಾಡಿ ಹೊರಟ. ಕಾಲು ಗಂಟೆಗೆ ವಾಪಸ್ ಬಂದ. ತಾನು ಹೋದ ಮೇಲೆ ಯಾರು ಏನಂದರು ಎಂದು ತಿಳಿಯಬೇಕಿತ್ತಂತೆ. ಧರ್ಮರಾಯ ಎರಡೂ ಕಡೆಯ ಬೈಗುಳಕ್ಕೂ ಹೆಬ್ಬೆಟ್ಟು ಒತ್ತಿದ. ಧರ್ಮ ಸೂಕ್ಷ್ಮ ಎಂದರೆ ಇದೇ ಇರಬೇಕು.

ಶಕುನಿ ಕಾನೂನು ಬಲ್ಲವನು. "66ಎ ಹಾಕ್ಸಿ ಒಳಗೆ ಕಳಿಸ್ತೀನಿ" ಎಂದು ಎಲ್ಲರನ್ನೂ ಹೆದರಿಸುತ್ತಾನೆ. ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಸತ್ತ ಸೆಕ್ಷನ್ನಿಗೆ ನಮ್ಮಲ್ಲಿ ದಿನಾ ತಿಥಿ ಊಟ.

ಇವರೇನು ಬೈಗುಳ ತಾಳದವರಾ? ಅದೂ ಅಲ್ಲ. ಪ್ರಾಕ್ಟೀಸ್ ಮನೆಗೆ ಬಂದು ನೋಡಿ. ತಾಳ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಬಿಡುವುದಿಲ್ಲ. "ಲೇ, ಮೊದಲು ಗದೆ ಕೆಳಗಿಡು. ಎಮ್ಮೆ ಕರೆದಂಗೆ ಕರೀತೀಯಲ್ಲೋ ದುರ್ಯೋಧನನ್ನ" ಎಂದು ಎಲ್ಲರೆದುರು ಉಗಿಯುತ್ತಾರೆ. ಭೀಮ ತಲೆ ತಗ್ಗಿಸಿ "ಆಯ್ತು ಮೇಷ್ಟ್ರೇ" ಎನ್ನುತ್ತಾನೆ. ಮತ್ತೆ ಹಾಡುತ್ತಾನೆ. ತಿಂಗಳುಗಟ್ಟಲೆ ದುಡ್ಡು ಕೊಟ್ಟು ಬೈಸಿಕೊಳ್ಳುತ್ತಾನೆ. ಅದೇ ಮಾತನ್ನು ಗ್ರೂಪಿನಲ್ಲಿ ಪುಕ್ಕಟೆ ಹೇಳಿದರೆ ಕುಲಗೌರವ ಕುದಿಯುತ್ತದೆ.

ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಒಂದು ರಾತ್ರಿ ಎರಡು ಗಂಟೆಯ ತನಕ ಕೂತು ನೀತಿ ಬೋಧನೆ ಬರೆದೆ. ಮೂರು ಸಲ ತಿದ್ದಿದೆ. ಕಳಿಸಿದೆ. ಬೆಳಿಗ್ಗೆ ಒಂದೇ ಉತ್ತರ ಬಂದಿತ್ತು. "ಇಷ್ಟುದ್ದ ಯಾರು ಓದ್ತಾರೆ ಬಿಡಿ." ಕೆಳಗೆ ನಗುವ ಮುಖ ಎಂಟು. ಆ ದಿನವೆಲ್ಲ ಮಜ್ಜಿಗೆಯೂ ಕಹಿ.

ಇಂಥ ಕಾಟಕ್ಕೆ ಪರಿಹಾರ ಹೇಳುವವರೂ ಇದ್ದಾರೆ. ಮ್ಯೂಟ್ ಮಾಡಿ. ಬ್ಲಾಕ್ ಮಾಡಿ. ಉದಾಸೀನ ಮಾಡಿ. ಧ್ಯಾನ ಮಾಡಿ. ಹೇಳಿದವರ ಬೆರಳು ಮಾತ್ರ ಫೋನಿನಿಂದ ಏಳುವುದಿಲ್ಲ.

ಪರಿಹಾರ ಎಂದರೆ ನಮ್ಮೂರ ಶಾಸನದಲ್ಲಿ ಇರುವಂಥದ್ದು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ ತಾಮ್ರಶಾಸನ ಕಡಬದಲ್ಲಿ ಸಿಕ್ಕಿದೆ. 9ನೇ ಶತಮಾನದ ಆರಂಭದ್ದು. ಕುನುಂಗಿಲ್, ಅಂದರೆ ನಮ್ಮ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಕಾಟವನ್ನು ಅರ್ಕಕೀರ್ತಿ ಎಂಬ ಜೈನಮುನಿ ಬಿಡಿಸಿದರಂತೆ. ಅದಕ್ಕೆ ಒಂದು ಊರನ್ನೇ ದತ್ತಿ ಕೊಟ್ಟರಂತೆ. ಈ ಗ್ರೂಪಿನ ಶನಿ ಬಿಡಿಸುವ ಮುನಿ ಯಾರಾದರೂ ಬರಲಿ. ಊರು ನನ್ನದಲ್ಲ. ಹತ್ತು ತೆಂಗಿನ ಮರ ಬರೆದುಕೊಡುತ್ತೇನೆ.

ಶನಿ ಎಂದಾಗ ನೆನಪಾಯಿತು. ಇದೇ ತಂಡ ಹೋದ ವರ್ಷ ಶನಿಪ್ರಭಾವ ಆಡಿತು. ಆ ಕಥೆಯಾದರೂ ಏನು? ರಾಜಾ ವಿಕ್ರಮ ತುಂಬಿದ ಸಭೆಯಲ್ಲಿ ಶನಿಯ ಬಗ್ಗೆ ಒಂದು ಹಗುರ ಮಾತಾಡಿದ. ಒಂದೇ ಕಾಮೆಂಟು. ಏಳೂವರೆ ವರ್ಷ ಕೈಕಾಲು ಕಡಿಸಿಕೊಂಡು ಗಾಣ ತಿರುಗಿಸಿದ. ಇಡೀ ರಾತ್ರಿ ಇದನ್ನು ಆಡಿದವರು, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಬರುವಷ್ಟರಲ್ಲಿ ಗ್ರೂಪಿನಲ್ಲಿ ಹತ್ತು ಹಗುರ ಮಾತು ಹಾಕಿದ್ದರು.

ಹೋದ ವಾರ ದ್ರೌಪದಿ ಬಂದಿದ್ದರು.

ನಮ್ಮ ತಂಡದಲ್ಲಿ ಊರಿನ ಹೆಂಗಸರು ಪಾತ್ರ ಹಾಕುವುದಿಲ್ಲ. ಅದು ನಮ್ಮ ಸಂಸ್ಕೃತಿಯಂತೆ. ಹೊರಗಿನ ಹೆಂಗಸರು ಹಾಕಬಹುದು. ಅದೂ ನಮ್ಮ ಸಂಸ್ಕೃತಿಯೇ. ಈಕೆ ಗುಬ್ಬಿ, ತುರುವೇಕೆರೆ, ಕುಣಿಗಲ್ ಎಂದು ರಾತ್ರಿ ಬಸ್ಸಿನಲ್ಲಿ ತಿರುಗುವ ಕಲಾವಿದೆ. ಎಲ್ಲಾ ಪಾತ್ರದವರ ಮಾತೂ ಬಾಯಿಪಾಠ. ನಮ್ಮ ದುರ್ಯೋಧನ ಪದ್ಯ ಮರೆತಾಗ ತುಟಿ ಅಲುಗಿಸದೆ ಹೇಳಿಕೊಟ್ಟವರು ಇವರೇ. ಗ್ರೂಪಿನಲ್ಲಿ ಇವರಿಲ್ಲ. ಸಂಭಾವನೆ ಅರ್ಧ ಬಾಕಿ.

ಪ್ರಾಕ್ಟೀಸ್ ಮನೆಯ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತರು. ಒಳಗೆ ಪಾಂಡವರು, ಕೌರವರು ಒಂದೇ ಜಮಖಾನದ ಮೇಲೆ ಕೂತಿದ್ದರು. ಎಲ್ಲರ ಕತ್ತೂ ಬಗ್ಗಿತ್ತು. ಎದುರುಬದುರು ಕೂತು ಫೋನಿನಲ್ಲಿ ಬೈದಾಡುತ್ತಿದ್ದರು.

"ಸ್ವಲ್ಪ ತಡಿಯಮ್ಮ. ಗ್ರೂಪಲ್ಲಿ ಮರ್ಯಾದೆ ಪ್ರಶ್ನೆ ನಡೀತೈತೆ" ಎಂದ ಕೃಷ್ಣ. ಅಕ್ಷಯ ವಸ್ತ್ರದ ಕೃಷ್ಣ.

ಆಕೆ ದನಿ ಏರಿಸಲಿಲ್ಲ.

"ಸ್ಟೇಜ್ ಮೇಲೆ ಬೈಸ್ಕೊಳ್ಳೋಕೆ ನಂಗೆ ರೇಟ್ ಐತೆ ಅಣ್ಣ. ರಾತ್ರಿಗಿಷ್ಟು ಅಂತ. ನೀವು ಎಂಟು ತಿಂಗಳಿಂದ ಬೈಸ್ಕೊಳ್ತಿದ್ದೀರಲ್ಲ, ನಿಮಗೆ ಎಷ್ಟು ಕೊಡ್ತಾರೆ?"

ಯಾರೂ ಉಸಿರೆತ್ತಲಿಲ್ಲ. ದುರ್ಯೋಧನ ಮಾತ್ರ ತಲೆ ತಗ್ಗಿಸಿ ಏನೋ ಒತ್ತಿದ. ನನ್ನ ಜೇಬು ಗುಂಯ್ಗುಟ್ಟಿತು. "ದುಡ್ಡು ಕೇಳೋಕೆ ಇದೇನಾ ಹೊತ್ತು?" ಎಂದು ಗ್ರೂಪಿನಲ್ಲಿ ಹಾಕಿದ್ದ. ಆಕೆ ಎರಡು ಮಾರು ದೂರದಲ್ಲಿ ನಿಂತಿದ್ದರು.

ಎಂಟು ತಿಂಗಳಲ್ಲಿ ಮೊದಲ ಸಲ ಗ್ರೂಪು ಒಗ್ಗಟ್ಟಾಯಿತು. ಸಾಲಾಗಿ ಹೆಬ್ಬೆಟ್ಟು ಬಿದ್ದವು. ಮೊದಲನೆಯದು ಧರ್ಮರಾಯನದು.

ದ್ರೌಪದಿಯ ಪರವಾಗಿ ಸಭೆಯಲ್ಲಿ ಎದ್ದು ನಿಂತು ಮಾತಾಡಿದವನು ವಿದುರ. ಕಥೆ ಹಾಗೆ ಹೇಳುತ್ತದೆ. ನಾನು ಓದಿದೆ. ಫೋನನ್ನು ಜೇಬಿಗೆ ಇಳಿಸಿದೆ.

ನನ್ನದು ಸೋವಿ ರೇಟಿನ ಪಾತ್ರ.